ಕೇಳಿ, ಹೇಳ್ತೀನಿ: ಯಾವ ಬ್ರೌಸರ್ ಇಟ್ಟುಕೊಳ್ಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರೌಸರ್ ಬಗ್ಗೆಯೇ ಇವೆ. ದಾವಣಗೆರೆಯ ನನ್ನ ಕಂಪ್ಯೂಟರ್ ತರಗತಿಯಲ್ಲೂ ಮಕ್ಕಳು, ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿ ಅಂಗಡಿ, ಮೆಕ್ಕೆಜೋಳದ ವ್ಯವಹಾರ. ಲೆಕ್ಕ, ಜಿಎಸ್‌ಟಿ, ಬ್ಯಾಂಕು ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ, ಕ್ರೋಮಿನಲ್ಲೇ. ಮಗ ಬ್ರೇವ್ ಹಾಕು ಅಂತಾನೆ, ಕಂಪ್ಯೂಟರ್ ಕೊಟ್ಟವರು ಎಡ್ಜ್ ಸಾಕು ಅಂತಾರೆ, ಗುಮಾಸ್ತ ಒಪೆರಾ ಅಂತಾನೆ. ಎಲ್ಲಾ ಹಾಕಿಸಿ ನೋಡಿದೆ, ನನಗೇನೂ ವ್ಯತ್ಯಾಸ ಕಾಣಲಿಲ್ಲ. ಇಷ್ಟೊಂದು ಯಾಕೆ ಬೇಕ್ರೀ?
(ದಲಾಲಿ ವರ್ತಕರು, ದಾವಣಗೆರೆ)

ಉತ್ತರ: ನೀವು ಸರಿಯಾಗಿಯೇ ನೋಡಿದ್ದೀರಿ ಯಜಮಾನ್ರೇ. ಕ್ರೋಮ್, ಬ್ರೇವ್, ಎಡ್ಜ್, ಒಪೆರಾ ಈ ನಾಲ್ಕರ ಒಳಗೂ ಇರುವುದು ಒಂದೇ ಎಂಜಿನ್. ಜಾಲತಾಣದ ಕೋಡನ್ನು ಓದಿ ಪರದೆಯ ಮೇಲೆ ಅಕ್ಷರ, ಚಿತ್ರ, ಗುಂಡಿಗಳಾಗಿ ಮೂಡಿಸುವ ಭಾಗಕ್ಕೆ ಎಂಜಿನ್ ಅನ್ನುತ್ತಾರೆ. ಇವುಗಳಲ್ಲಿರುವುದರ ಹೆಸರು ಬ್ಲಿಂಕ್. ಗೂಗಲ್ ಮುಂದೆ ನಿಂತು ನಡೆಸುವ ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶದ ಭಾಗ ಅದು. ನಿಮ್ಮ ಯಾರ್ಡಿಗೆ ಬರುವ ಲಾರಿಗಳನ್ನೇ ನೋಡಿ: ಚಾಸಿ ಒಂದೇ ಕಂಪನಿಯದು, ಬಾಡಿ ಮಾತ್ರ ಬೇರೆ ಬೇರೆ ಶೆಡ್ಡಿನಲ್ಲಿ ಕಟ್ಟಿಸಿದ್ದು.

ಮೊದಲು ಹೀಗಿರಲಿಲ್ಲ. ಒಪೆರಾ ತನ್ನ ಸ್ವಂತ ಎಂಜಿನ್ನನ್ನು 2013ರಲ್ಲಿ ಕೈಬಿಟ್ಟಿತು. ಮೈಕ್ರೋಸಾಫ್ಟ್ 2015ರಲ್ಲಿ ಎಡ್ಜ್ ತಂದಾಗ ಅದಕ್ಕೂ ಸ್ವಂತ ಎಂಜಿನ್ ಇತ್ತು. ಜನ ಒಗ್ಗಲಿಲ್ಲ, 2020ರ ಜನವರಿಯಲ್ಲಿ ಕ್ರೋಮಿಯಂ ಮೇಲೆ ಕಟ್ಟಿದ ಹೊಸ ಎಡ್ಜ್ ಬಂತು. ಅಷ್ಟು ದೊಡ್ಡ ಕಂಪನಿಯೇ ಸ್ವಂತ ಎಂಜಿನ್ ಸಾಕಲಾಗದೆ ಕೈಬಿಟ್ಟಿತು ಅನ್ನುವುದನ್ನು ಸ್ವಲ್ಪ ಯೋಚನೆ ಮಾಡಿ. ಈಗ ದೊಡ್ಡದಾಗಿ ಬಳಕೆಯಲ್ಲಿ ಉಳಿದಿರುವವು ಮೂರೇ: ಗೂಗಲ್‌ನ ಬ್ಲಿಂಕ್, ಆಪಲ್‌ನ ವೆಬ್‌ಕಿಟ್, ಫೈರ್‌ಫಾಕ್ಸ್ ಒಳಗಿನ ಗೆಕೊ. ಬ್ಲಿಂಕ್ ಕೂಡ 2013ರಲ್ಲಿ ವೆಬ್‌ಕಿಟ್‌ನಿಂದಲೇ ಕವಲೊಡೆದದ್ದು. ವಿಂಡೋಸ್ ಕಂಪ್ಯೂಟರಿಗೆ ಆಪಲ್‌ನ ಸಫಾರಿ ಈಗ ಸಿಗುವುದಿಲ್ಲ. ಹಾಗಾಗಿ ನಿಮ್ಮ ಅಂಗಡಿಯ ಮಟ್ಟಿಗೆ ಬೇರೆ ಎಂಜಿನ್ ಬೇಕು ಅಂದರೆ ಫೈರ್‌ಫಾಕ್ಸ್ ಒಂದೇ ದಾರಿ.

ಇದರಿಂದ ನಿಮಗೇನು ಅಂತ ಕೇಳಬಹುದು. ಬ್ಲಿಂಕ್‌ನಲ್ಲಿ ಒಂದು ಭದ್ರತಾ ತೂತು ಸಿಕ್ಕಿದರೆ ನೀವು ಹಾಕಿಸಿರುವ ನಾಲ್ಕಕ್ಕೂ ಅದೇ ತೂತು. ನಾಲ್ಕರಲ್ಲೂ ಅಪ್‌ಡೇಟ್ ಬರುವವರೆಗೆ ಕಾಯಬೇಕು. ರಿಟರ್ನ್ಸ್ ಕಟ್ಟುವ ಕೊನೆಯ ದಿನ ಕ್ರೋಮಿನಲ್ಲಿ ಪುಟ ತೆರೆಯದಿದ್ದರೆ ಬ್ರೇವ್‌ನಲ್ಲೂ ತೆರೆಯದೇ ಇರುವ ಸಂಭವವೇ ಹೆಚ್ಚು. ಬೇರೆ ಎಂಜಿನ್ ಇದ್ದರೆ ಒಂದು ಕೈ ನೋಡಬಹುದು.

ನನ್ನ ಸಲಹೆ ಕೇಳಿ. ಎರಡೇ ಇಟ್ಟುಕೊಳ್ಳಿ: ಕ್ರೋಮ್ ಅಥವಾ ಎಡ್ಜ್‌ನಲ್ಲಿ ಒಂದು, ಜೊತೆಗೆ ಫೈರ್‌ಫಾಕ್ಸ್. ಮೊದಲನೆಯದು ಬ್ಯಾಂಕು, ಜಿಎಸ್‌ಟಿಗೆ ಮಾತ್ರ. ಅದರಲ್ಲಿ ಯಾವ ಎಕ್ಸ್‌ಟೆನ್ಷನ್ನೂ (ಬ್ರೌಸರಿಗೆ ಹೆಚ್ಚುವರಿಯಾಗಿ ಸೇರಿಸುವ ಸಣ್ಣ ತಂತ್ರಾಂಶ) ಬೇಡ, ಸುದ್ದಿ ಬೇಡ, ಕ್ರಿಕೆಟ್ ಸ್ಕೋರೂ ಬೇಡ. ಉಳಿದಿದ್ದೆಲ್ಲ ಫೈರ್‌ಫಾಕ್ಸಿನಲ್ಲಿ. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಹಳೆಯ ಕಾಲದ ತಾಣ ತೆರೆಯಬೇಕಾದ ಕೆಲಸ ನಿಮಗಿದ್ದರೆ ಆ ಮೊದಲನೆಯದು ಎಡ್ಜ್ ಆಗಿರಲಿ. ಅದರಲ್ಲಿ ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಂತೆ ನಡೆಯುವ ಐಇ ಮೋಡ್ ಇನ್ನೂ ಇದೆ. ಬ್ರೇವ್ ಕೆಟ್ಟದ್ದೇನಲ್ಲ, ಹಾಕಿದ ಕ್ಷಣದಿಂದಲೇ ಜಾಹೀರಾತು ತಡೆಯುತ್ತದೆ. ಮಗ ಬಳಸಲಿ. ಗುಮಾಸ್ತರಿಗೆ ಮಾತ್ರ ಬೇರೆ ಪ್ರೊಫೈಲ್ ಮಾಡಿಕೊಡಿ. ಅಂಗಡಿಯ ಬ್ಯಾಂಕ್ ಪಾಸ್‌ವರ್ಡು ಯಾರು ಕೂತರೂ ತಾನಾಗಿ ತುಂಬಿಕೊಳ್ಳುವಂತೆ ಇರಬಾರದು.

ಪ್ರಶ್ನೆ: ಮಿಸ್, ನಾನು ನೀಟ್‌ಗೆ ಓದ್ತಿದ್ದೀನಿ. ಕ್ರೋಮಿನಲ್ಲಿ ಯುಬ್ಲಾಕ್ ಒರಿಜಿನ್ ಹಾಕಿದ್ದೆ, ಜಾಹೀರಾತಿನ ಕಾಟ ಇರಲಿಲ್ಲ. ಈಗ ಅದು ಬೆಂಬಲಿತವಲ್ಲ ಅಂತ ತೋರಿಸಿ ಆಫ್ ಆಗಿದೆ. ಹೊಸದು ಹುಡುಕಿದರೆ ಅದೇ ಹೆಸರಿನ ಏನೇನೋ ಬರ್ತಾವೆ. ಯಾವುದನ್ನು ನಂಬಲಿ?
(ಪಿಯುಸಿ ವಿದ್ಯಾರ್ಥಿನಿ, ಹರಿಹರ)

ಉತ್ತರ: ಸಿಕ್ಕಿದ್ದನ್ನು ಹಾಕಿಕೊಳ್ಳದೆ ಕೇಳಿದೆಯಲ್ಲ, ಅದು ಬಹಳ ಒಳ್ಳೆಯದಾಯಿತಮ್ಮ. ನಿನ್ನ ಎಕ್ಸ್‌ಟೆನ್ಷನ್ ಕೆಟ್ಟಿಲ್ಲ, ಕ್ರೋಮ್ ತನ್ನ ನಿಯಮ ಬದಲಿಸಿದೆ. ಮೊದಲು ಒಂದು ಪುಟ ತೆರೆಯುವಾಗ ಬ್ರೌಸರ್ ಹೊರಗೆ ಕಳಿಸುವ ಪ್ರತಿಯೊಂದು ಬೇಡಿಕೆಯನ್ನೂ ಈ ಎಕ್ಸ್‌ಟೆನ್ಷನ್ ನಡುವೆ ನಿಂತು ನೋಡಿ, ಇದು ಬಿಡು, ಇದು ತಡೆ ಅಂತ ಆ ಹೊತ್ತಿನಲ್ಲೇ ತೀರ್ಮಾನಿಸುತ್ತಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ಪದ್ಧತಿಯಲ್ಲಿ ಹಾಗಿಲ್ಲ. ತಡೆಯಬೇಕಾದ್ದರ ಪಟ್ಟಿಯನ್ನು ಮೊದಲೇ ಬ್ರೌಸರ್ ಕೈಗೆ ಕೊಡಬೇಕು, ತಡೆಯುವ ಕೆಲಸ ಬ್ರೌಸರಿನದು. ಹಳೆಯ ಪದ್ಧತಿಯವನ್ನು 2024ರಿಂದ ಹಂತಹಂತವಾಗಿ ಆಫ್ ಮಾಡುತ್ತಾ ಬಂದು 2025ರಲ್ಲಿ ಪೂರ್ತಿ ಮುಗಿಸಿದರು.

ಗೂಗಲ್ ಹೇಳುವ ಕಾರಣ ಸುರಕ್ಷತೆ ಮತ್ತು ವೇಗ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಎಲ್ಲವನ್ನೂ ಓದಬಲ್ಲ ಎಕ್ಸ್‌ಟೆನ್ಷನ್ ಕೆಟ್ಟವರ ಕೈಗೆ ಸಿಕ್ಕರೆ ನಮ್ಮ ಇಮೇಲನ್ನೂ ಓದಬಲ್ಲದು. ಆದರೆ ಗೂಗಲ್‌ನ ದೊಡ್ಡ ವರಮಾನ ಜಾಹೀರಾತಿನಿಂದಲೇ ಬರುವುದು. ಜಗತ್ತಿನ ಮೂರರಲ್ಲಿ ಸುಮಾರು ಎರಡು ಪಾಲು ಜನರ ಬ್ರೌಸರ್ ಕೈಯಲ್ಲಿರುವ ಜಾಹೀರಾತು ಕಂಪನಿ, ಜಾಹೀರಾತು ಎಷ್ಟು ತಡೆಯಬಹುದು ಅನ್ನುವುದನ್ನೂ ತಾನೇ ನಿರ್ಧರಿಸುವುದು ನನಗೆ ಒಪ್ಪಿಗೆಯಿಲ್ಲ.

ನಿನಗೆ ಎರಡು ದಾರಿ. ಕ್ರೋಮಿನಲ್ಲೇ ಇರುವುದಾದರೆ ಅದೇ ತಯಾರಕರ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿಕೋ. ಶಕ್ತಿ ಕಡಿಮೆ, ಆದರೆ ಅಸಲಿ. ಇಲ್ಲವೇ ಫೈರ್‌ಫಾಕ್ಸಿಗೆ ಬಾ. ಅಲ್ಲಿ ಹಳೆಯ ಯುಬ್ಲಾಕ್ ಒರಿಜಿನ್ ಪೂರ್ತಿ ಶಕ್ತಿಯಿಂದ ನಡೆಯುತ್ತದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿಗೂ ಅದನ್ನು ಹಾಕಬಹುದು, ಫೋನಿನ ಕ್ರೋಮಿನಲ್ಲಿ ಎಕ್ಸ್‌ಟೆನ್ಷನ್ ಹಾಕಲು ಬರುವುದೇ ಇಲ್ಲ. ದಿನದ ಡಾಟಾ ಲೆಕ್ಕ ಹಾಕಿ ಓದುವ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ. 'ಪ್ಲಸ್', 'ಪ್ರೊ', 'ಅಲ್ಟ್ರಾ' ಅಂತ ಬಾಲ ಹಚ್ಚಿಕೊಂಡು ಬರುವ ಹೆಸರುಗಳನ್ನು ಮುಟ್ಟಬೇಡ.

ಫೈರ್‌ಫಾಕ್ಸ್ ಕಷ್ಟವನ್ನೂ ಹೇಳಿಬಿಡುತ್ತೇನೆ. ಅದನ್ನು ನಡೆಸುವ ಮೊಜಿಲ್ಲಾದ ಆದಾಯದಲ್ಲಿ ಹೆಚ್ಚಿನ ಪಾಲು ಬರುವುದು ಗೂಗಲನ್ನೇ ಮೊದಲ ಸರ್ಚ್ ಆಗಿ ಇಟ್ಟುಕೊಂಡಿದ್ದಕ್ಕೆ ಗೂಗಲ್ ಕೊಡುವ ಹಣದಿಂದ. ಗೂಗಲ್ ಸರ್ಚಿನಲ್ಲಿ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರ ಹೇಳುವಾಗ, ಕ್ರೋಮನ್ನು ಮಾರಬೇಕಾಗಿಲ್ಲ, ಇಂಥ ಹಣ ಕೊಡುವುದನ್ನೂ ಪೂರ್ತಿ ನಿಲ್ಲಿಸಬೇಕಾಗಿಲ್ಲ, ತಾನೊಬ್ಬನೇ ಇರಬೇಕೆಂಬ ಕರಾರು ಮಾತ್ರ ಕೂಡದು ಅಂದರು. ಆ ಹಣ ನಿಂತಿದ್ದರೆ ಗೆಕೊ ಕಥೆ ಏನಾಗುತ್ತಿತ್ತೋ ಅಂತ ನನಗೆ ಭಯವಿತ್ತು.

ಪ್ರಶ್ನೆ: ಇನ್‌ಕಾಗ್ನಿಟೋದಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ಲ ಅಂತಾರೆ, ನಿಜವಾ?
(ಹೊಳಲ್ಕೆರೆ)

ಉತ್ತರ: ಅದೇ ಫೋನನ್ನು ಆಮೇಲೆ ಕೈಗೆತ್ತಿಕೊಂಡವರಿಗೆ ಹಿಸ್ಟರಿಯಲ್ಲಿ ಕಾಣುವುದಿಲ್ಲ, ಅಷ್ಟೇ. ನೀವು ಹೋದ ತಾಣಕ್ಕೆ ಗೊತ್ತು. ಇಂಟರ್‌ನೆಟ್ ಕೊಡುವ ಕಂಪನಿಗೂ, ಆಫೀಸಿನ ವೈಫೈ ನೋಡಿಕೊಳ್ಳುವವರಿಗೂ ತಿಳಿಯಬಹುದು. ಅದರ ನಿಜವಾದ ಉಪಯೋಗ ಸೈಬರ್ ಸೆಂಟರಿನಲ್ಲಿ, ಪರರ ಕಂಪ್ಯೂಟರಿನಲ್ಲಿ. ಅಲ್ಲಿ ಇನ್‌ಕಾಗ್ನಿಟೋ ಅಥವಾ ಗೆಸ್ಟ್ ಕಿಟಕಿ ತೆರೆದು ಕೆಲಸ ಮುಗಿಸಿ ಮುಚ್ಚಿದರೆ ನಿಮ್ಮ ಲಾಗಿನ್ ಅಲ್ಲಿ ಉಳಿಯುವುದಿಲ್ಲ. ಡೌನ್‌ಲೋಡ್ ಮಾಡಿದ ಫೈಲು ಮಾತ್ರ ಉಳಿಯುತ್ತದೆ, ಅದನ್ನು ನೀವೇ ಅಳಿಸಿ ಬನ್ನಿ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಕೋಟೆಯ ಶಾಸನಗಳ ಬಗ್ಗೆ ಓದಬೇಕೆಂದು ಬಹಳ ವರ್ಷ ಹಿಂದಿನ ಒಂದು ಕನ್ನಡ ಜಾಲತಾಣ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಹಾಗೆಯೇ. ಯಾವ ಬ್ರೌಸರ್ ಹಾಕಿದರೆ ಸರಿಹೋದೀತು?
(ಚಿತ್ರದುರ್ಗ)

ಉತ್ತರ: ಮೇಷ್ಟ್ರೇ, ಬರೀ ಬ್ರೌಸರ್ ಬದಲಿಸಿದರೆ ಸರಿಹೋಗುವುದು ಅನುಮಾನ, ಆದರೆ ಬರಹ ಕಳೆದಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಹರಡುವ ಮುಂಚೆ ಕನ್ನಡ ಪುಟಗಳನ್ನು ನುಡಿ, ಬರಹದಂಥ ಫಾಂಟುಗಳಲ್ಲಿ ಮಾಡುತ್ತಿದ್ದರು. ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿರುವುದು ಇಂಗ್ಲಿಷ್ ಅಕ್ಷರವೇ, ಫಾಂಟು ಮಾತ್ರ ಅದರ ಜಾಗದಲ್ಲಿ 'ಕ'ವನ್ನೋ ಒತ್ತಕ್ಷರವನ್ನೋ ಬಿಡಿಸುತ್ತಿತ್ತು. ಕೆಲವು ತಾಣಗಳು ಆ ಫಾಂಟನ್ನು ಪುಟದ ಜೊತೆಗೇ ಕಳಿಸುತ್ತಿದ್ದವು, ಅದೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಮಾತ್ರ ಅರ್ಥವಾಗುವ ರೂಪದಲ್ಲಿ. ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿಲ್ಲಿಸಿತು. ಅದರ ಜೊತೆಗೆ ಆ ಪುಟಗಳ ಕನ್ನಡವೂ ಮರೆಯಾಯಿತು.

ಹೀಗೆ ಮಾಡಿ. ಪುಟದ ಬರಹವನ್ನು ಕಾಪಿ ಮಾಡಿ, ಆಸ್ಕಿಯಿಂದ (ಇಂಥ ಹಳೆಯ ಫಾಂಟಿನ ಬರಹಕ್ಕೆ ಹೀಗನ್ನುತ್ತಾರೆ) ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಅಂಟಿಸಿ. ನುಡಿ, ಬರಹ ತಂತ್ರಾಂಶಗಳಲ್ಲೇ ಈ ಸೌಲಭ್ಯವಿದೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯುತ್ತದೆ, ನಿಮ್ಮಂಥವರಿಗೆ ತಿದ್ದಲು ಕಷ್ಟವಾಗದು. ಯಾವ ಫಾಂಟೆಂದು ಗೊತ್ತಾದರೆ ಆ ಫಾಂಟನ್ನೇ ಕಂಪ್ಯೂಟರಿಗೆ ಹಾಕಿಯೂ ನೋಡಬಹುದು. ಓದಲು ಬಂದ ಮೇಲೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಇಂಥ ತಾಣಗಳು ಯಾವಾಗ ನಿಲ್ಲುತ್ತವೋ ಹೇಳಲಾಗದು.

ನಿಮ್ಮ ಪತ್ರ ನನ್ನನ್ನು ಬಹಳ ಕಾಡಿತು. ಒಂದು ಕಾಲಕ್ಕೆ ಜಗತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದನ್ನೇ ಬಳಸುತ್ತಿದ್ದರು. ಪೈಪೋಟಿಗಿದ್ದ ನೆಟ್‌ಸ್ಕೇಪ್ ಸೋತಿತ್ತು. 2001ರಲ್ಲಿ 6ನೇ ಆವೃತ್ತಿ ಬಂತು, 7ನೆಯದು ಬರಲು 2006 ಆಗಬೇಕಾಯಿತು. ಎದುರಾಳಿ ಇಲ್ಲದ್ದಕ್ಕೆ ಐದು ವರ್ಷ ಅದನ್ನು ಹಾಗೇ ಬಿಟ್ಟಿದ್ದರು. ನಡುವೆ 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದು ಜನ ಅತ್ತ ಹೊರಳಿದ ಮೇಲೆಯೇ ಮೈಕ್ರೋಸಾಫ್ಟ್ ಮೈಕೊಡವಿ ಎದ್ದದ್ದು. 'ಎಲ್ಲರೂ ಇದನ್ನೇ ಬಳಸ್ತಾರೆ, ಇದಕ್ಕೆ ಮಾತ್ರ ಮಾಡಿದರೆ ಸಾಕು' ಅಂತ ಅಂದು ಪುಟ ಕಟ್ಟಿದವರ ಮಾತನ್ನೇ ಇಂದು ಕ್ರೋಮ್ ಬಗ್ಗೆ ಕೇಳುತ್ತಿದ್ದೇನೆ. ಕನ್ನಡದಲ್ಲಿ ಜಾಲತಾಣ ಮಾಡುವವರು ದಯವಿಟ್ಟು ಫೈರ್‌ಫಾಕ್ಸಿನಲ್ಲೂ ಐಫೋನಿನಲ್ಲೂ ತೆರೆದು ನೋಡಿ ಆಮೇಲೆ ಬಿಡಿ.

ಪ್ರಶ್ನೆ: ಅಕ್ಕಾರೇ, ಊರಲ್ಲಿ ಸೇವಾ ಕೇಂದ್ರ ಇಟ್ಟಿದ್ದೀನಿ. ಪಹಣಿ, ಜಾತಿ-ಆದಾಯ, ಬೆಳೆ ವಿಮೆ ಅರ್ಜಿ ಹಾಕಿಕೊಡ್ತೀನಿ. ಕಂಪ್ಯೂಟರ್ ವಿಂಡೋಸ್ 7. ಕ್ರೋಮ್ ಅಪ್‌ಡೇಟ್ ಆಗ್ತಿಲ್ಲ, ಕೆಲವು ಸೈಟು ತೆರೀತಿಲ್ಲ. ಬೇರೆ ಬ್ರೌಸರ್ ಹಾಕಿದ್ರೆ ಸಾಕಾ?
(ಜಗಳೂರು ತಾಲ್ಲೂಕು)

ಉತ್ತರ: ಸದ್ಯದ ಪಾಡಿಗೆ ಸಾಕು, ಬಹಳ ದಿನಕ್ಕೆ ಸಾಲದು ತಮ್ಮಾ. ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 109, ಅದು 2023ರ ಜನವರಿಯದು. ಎಡ್ಜ್ ಕೂಡ ಅಲ್ಲಿಗೇ ನಿಂತಿತು. ಫೈರ್‌ಫಾಕ್ಸ್ ಮಾತ್ರ ತನ್ನ 115ನೇ ಇಎಸ್‌ಆರ್ (ಹೆಚ್ಚು ಕಾಲ ಭದ್ರತಾ ಅಪ್‌ಡೇಟ್ ಸಿಗುವ) ಆವೃತ್ತಿಗೆ ಗಡುವು ಮುಂದೂಡುತ್ತಾ ಹಳೆಯ ವಿಂಡೋಸ್‌ಗಳಿಗೂ ಭದ್ರತಾ ತೇಪೆ ಕೊಡುತ್ತಾ ಬಂತು. ಇವತ್ತೇ ಅದನ್ನು ಹಾಕಿಕೊಂಡು ನೋಡು, ನಿಂತ ಸೈಟುಗಳಲ್ಲಿ ಕೆಲವಾದರೂ ತೆರೆದಾವು.

ಆದರೆ ಕೆಳಗಿನ ವಿಂಡೋಸಿಗೇ 2020ರ ಜನವರಿಯಿಂದ ರಕ್ಷಣೆ ಇಲ್ಲ. ನಿನ್ನ ಕೇಂದ್ರಕ್ಕೆ ಬರುವ ರೈತರು ಆಧಾರ್ ಸಂಖ್ಯೆ, ಒಟಿಪಿ, ಪಾಸ್‌ಬುಕ್ ಎಲ್ಲವನ್ನೂ ನಂಬಿ ನಿನ್ನ ಕೈಗೆ ಕೊಡುತ್ತಾರೆ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಂಡರೆ ಹಳೆಯ ಕಂಪ್ಯೂಟರಿನಲ್ಲೂ ಹೊಸ ಬ್ರೌಸರ್ ನಡೆಯುತ್ತದೆ, ಖರ್ಚಿಲ್ಲ. ನಿನ್ನ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್ (ಬೆರಳಚ್ಚನ್ನು ಆಧಾರ್ ತಾಳೆಗೆ ಕಳಿಸುವ ತಂತ್ರಾಂಶ) ಅದರಲ್ಲಿ ನಡೆಯುತ್ತದೆಯೇ ಎಂದು ಮಾರಿದವರನ್ನು ಮೊದಲು ಕೇಳು, ಬಹಳಷ್ಟು ಯಂತ್ರಗಳಿಗೆ ವಿಂಡೋಸೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ವಿಂಡೋಸ್ 11 ಹಿಡಿಯುವುದನ್ನೇ ಕೊಳ್ಳು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಗ್ಗಕ್ಕೆ ಸಿಗುತ್ತದೆ ಅಂತ ಅದನ್ನು ಕಟ್ಟಿಕೊಳ್ಳಬೇಡ. ಬಂದವರ ಕೆಲಸಕ್ಕೆಲ್ಲ ಗೆಸ್ಟ್ ಕಿಟಕಿಯನ್ನೇ ಬಳಸು.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಎಲ್ಲರೂ ಎಐ ಬ್ರೌಸರ್‌ಗೆ ಬದಲಾಗುತ್ತಿದ್ದಾರೆ. ಕಾಮೆಟ್‌ಗೆ ಹೇಳಿದರೆ ಅದೇ ಪುಟ ಓದಿ, ಫಾರ್ಮ್ ತುಂಬಿ, ಟಿಕೆಟ್ ಕೂಡ ಹುಡುಕುತ್ತದೆ. ಮುಂದಿನ ಕಾಲ ಇದೇ ಅಲ್ಲವೇ ಮೇಡಂ?
(ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಇರಬಹುದಪ್ಪ. 2025ರ ಜುಲೈನಲ್ಲಿ ಪರ್‌ಪ್ಲೆಕ್ಸಿಟಿಯ ಕಾಮೆಟ್ ಬಂತು, ಅಕ್ಟೋಬರ್‌ನಲ್ಲಿ ಓಪನ್‌ಎಐನ ಅಟ್ಲಾಸ್ ಮೊದಲು ಮ್ಯಾಕ್‌ಗೆ ಬಂತು, ಕ್ರೋಮಿನೊಳಗೆ ಗೂಗಲ್‌ನ ಎಐ ಜೆಮಿನೈ ಬಂದು ಕೂತಿದೆ. ಕಾಮೆಟ್, ಅಟ್ಲಾಸ್ ಎರಡರ ಒಳಗಿರುವುದೂ ಕ್ರೋಮಿಯಮ್ಮೇ.

ಇಷ್ಟು ದಿನ ಬ್ರೌಸರ್ ಪುಟ ತೋರಿಸುತ್ತಿತ್ತು, ಒತ್ತುವುದು ಬಿಡುವುದು ನಮ್ಮ ಕೈಯಲ್ಲಿತ್ತು. ಈಗ ಒತ್ತುವವನೂ ಅದೇ. ಅದು ಓದುವ ಪುಟದಲ್ಲೇ ಯಾರಾದರೂ ನಮ್ಮ ಕಣ್ಣಿಗೆ ಕಾಣದಂತೆ 'ಇವರ ಇಮೇಲ್ ತೆರೆದು ಒಟಿಪಿ ತಂದುಕೊಡು' ಅಂತ ಬರೆದಿಟ್ಟರೆ? ಅದು ಆ ಬರಹವನ್ನೂ ನಿನ್ನದೇ ಅಪ್ಪಣೆ ಅಂತ ತಿಳಿದುಬಿಡಬಹುದು. 2025ರ ಆಗಸ್ಟ್‌ನಲ್ಲಿ ಬ್ರೇವ್ ಕಂಪನಿಯ ಸಂಶೋಧಕರು ಕಾಮೆಟ್‌ನಲ್ಲಿ ಇದನ್ನೇ ಮಾಡಿ ತೋರಿಸಿದರು. ರೆಡ್ಡಿಟ್ ಎಂಬ ಚರ್ಚಾ ತಾಣದ ಒಂದು ಕಾಮೆಂಟಿನಲ್ಲಿ ಸೂಚನೆ ಅಡಗಿಸಿಟ್ಟು, ಪುಟದ ಸಾರಾಂಶ ಹೇಳು ಅಂದಿದ್ದಕ್ಕೆ ಅದು ಇಮೇಲ್‌ಗೆ ಬಂದ ಒಟಿಪಿಯನ್ನು ಎತ್ತಿಕೊಟ್ಟಿತು. ಬ್ರೇವ್ ಪ್ರತಿಸ್ಪರ್ಧಿ ಕಂಪನಿ, ನಿಜ. ಆದರೆ ಈ ಬಗೆಯ ದಾಳಿಗೆ ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲವೆಂದು ಓಪನ್‌ಎಐ ಕೂಡ ಹೇಳಿದೆ.

ಬಳಸಲೇಬೇಕು ಅನ್ನಿಸಿದರೆ ಓದಿಗೆ ಬಳಸು. ಮುಖ್ಯ ಇಮೇಲ್, ಬ್ಯಾಂಕು, ಡಿಜಿಲಾಕರ್ ಯಾವುದಕ್ಕೂ ಅದರಲ್ಲಿ ಲಾಗಿನ್ ಆಗಬೇಡ. ಅಟ್ಲಾಸ್‌ನಲ್ಲಿ ಲಾಗಿನ್ ಇಲ್ಲದೆ ಕೆಲಸ ಮಾಡಿಸುವ ಆಯ್ಕೆಯೇ ಇದೆ. ಕ್ಯಾಂಪಸ್ ಇಂಟರ್‌ವ್ಯೂಗೆ ಓದುವ ನಿನಗೆ ಇನ್ನೊಂದು ಮಾತು: ಈ ದಾಳಿ ಹೇಗೆ ನಡೆಯುತ್ತದೆ, ಹೇಗೆ ತಡೆಯಬಹುದು ಅಂತ ಕೂತು ಕಲಿ. ಇದನ್ನು ಬಗೆಹರಿಸುವವರು ಬೇಕಾಗಿದ್ದಾರೆ.

ಪ್ರಶ್ನೆ: ಮೊದಲು ಯುಸಿ ಬ್ರೌಸರ್ ಬಳಸುತ್ತಿದ್ದೆ, ನಮ್ಮ ತೋಟದಲ್ಲಿ ಸಿಗ್ನಲ್ ಕಡಿಮೆ ಇದ್ದರೂ ಓಡುತ್ತಿತ್ತು. ನಮ್ಮ ದೇಶದ್ದೇ ಬ್ರೌಸರ್ ಯಾವುದಾದರೂ ಇದೆಯೇ?
(ರೈತರು, ಹಿರಿಯೂರು)

ಉತ್ತರ: ಯುಸಿ ಬ್ರೌಸರ್ 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಒಂದು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಎಪಿಕೆಯಿಂದ (ಆಪ್ ಹಾಕುವ ಫೈಲು) ಅದನ್ನು ಮತ್ತೆ ಹಾಕಿಕೊಳ್ಳಬೇಡಿ. ನಮ್ಮಲ್ಲಿಯದು ಅಂದರೆ ಜೋಹೊ ಕಂಪನಿಯ ಉಲಾ ಇದೆ, 2023ರಲ್ಲಿ ಬಂದದ್ದು. ಕೇಂದ್ರದ ಐಟಿ ಸಚಿವಾಲಯ ದೇಶಿ ಬ್ರೌಸರಿಗಾಗಿ ನಡೆಸಿದ ಸ್ಪರ್ಧೆಯಲ್ಲಿ 2025ರ ಮಾರ್ಚ್‌ನಲ್ಲಿ ಜೋಹೊಗೇ ಮೊದಲ ಬಹುಮಾನ ಬಂತು. ನಾವು ಎಲ್ಲೆಲ್ಲಿ ಹೋದೆವೆಂದು ಹಿಂಬಾಲಿಸುವ ಟ್ರ್ಯಾಕರ್‌ಗಳನ್ನು ತಡೆಯುತ್ತದೆ, ಚೆನ್ನಾಗಿದೆ. ಎಂಜಿನ್ ಮಾತ್ರ ಅದರಲ್ಲೂ ಕ್ರೋಮಿಯಂ. ಸಿಗ್ನಲ್ ಕಡಿಮೆ ಇರುವಲ್ಲಿ ಒಪೆರಾ ಮಿನಿ ಹಗುರ, ಪುಟವನ್ನು ತನ್ನ ಸರ್ವರಿನಲ್ಲಿ ಕುಗ್ಗಿಸಿ ಕಳಿಸುತ್ತದೆ. ಹಾಗೆ ನಡುವೆ ಇನ್ನೊಬ್ಬರ ಸರ್ವರ್ ಇರುವುದರಿಂದ ಮಾರುಕಟ್ಟೆ ಧಾರಣೆ, ಹವಾಮಾನ ನೋಡಲು ಇಟ್ಟುಕೊಳ್ಳಿ, ಬ್ಯಾಂಕಿಗೆ ಬೇಡ.

ಪ್ರಶ್ನೆ: ಮೇಡಂ, ನಾವು ಮೊಳಕಾಲ್ಮೂರು ಸೀರೆ ಮಾರ್ತೀವಿ, ಆರ್ಡರ್ ಎಲ್ಲಾ ಫೋನಿನಲ್ಲೇ. ಒಂದು ವಾರದಿಂದ 'ನಿಮ್ಮ ಫೋನಿಗೆ ವೈರಸ್ ಬಂದಿದೆ', 'ನಿಮ್ಮ ಖಾತೆ ಬಂದ್ ಆಗಿದೆ' ಅಂತ ಗಳಿಗೆಗೊಂದು ಬರ್ತಾ ಇದೆ. ರಾತ್ರಿ ನಿದ್ದೆ ಇಲ್ಲ. ಬ್ರೌಸರ್ ಬದಲಿಸಿದರೆ ಹೋಗುತ್ತದೆಯೇ?
(ಮೊಳಕಾಲ್ಮೂರು)

ಉತ್ತರ: ಹೆದರಬೇಡಿ ತಾಯಿ. ಬಹುಪಾಲು ಇದು ವೈರಸ್ ಅಲ್ಲ. ಯಾವುದೋ ಪುಟ 'ಮುಂದುವರಿಯಲು ಅಲೋ ಒತ್ತಿ' ಅಂದಿರುತ್ತದೆ, ಅದಕ್ಕೆ ಕೊಟ್ಟ ಒಪ್ಪಿಗೆಯನ್ನು ಹಿಡಿದು ಅದು ದಿನವಿಡೀ ಸುಳ್ಳು ಸಂದೇಶ ಕಳಿಸುತ್ತಿದೆ. ಕ್ರೋಮ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ತೆರೆಯಿರಿ. ಅನುಮತಿ ಪಡೆದ ತಾಣಗಳ ಪಟ್ಟಿ ಕಾಣುತ್ತದೆ. ಗುರುತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ನನ್ನ ಕೇಳಿದರೆ ಎಲ್ಲವನ್ನೂ ಆಫ್ ಮಾಡಿ, ವಾಟ್ಸಾಪ್ ಆರ್ಡರಿಗೆ ಇದರಿಂದ ಏನೂ ತೊಂದರೆಯಾಗದು. ಇಷ್ಟಾದ ಮೇಲೂ ನಿಲ್ಲದಿದ್ದರೆ ಇತ್ತೀಚೆಗೆ ಹಾಕಿದ ಗೊತ್ತಿಲ್ಲದ ಆಪ್ ಹುಡುಕಿ ತೆಗೆಯಿರಿ.

ಪುಟದ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಅಸಲಿ ಅಂತ ಬಹಳ ಜನ ತಿಳಿದಿದ್ದಾರೆ. ಬೀಗ ಹೇಳುವುದು ನಡುವೆ ಯಾರೂ ಕದ್ದು ಓದುವುದಿಲ್ಲ ಅಂತ ಮಾತ್ರ, ಆ ಕಡೆ ಕೂತಿರುವವನು ಒಳ್ಳೆಯವನು ಅಂತಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ತೆಗೆದು ಬೇರೆ ಗುರುತು ಇಟ್ಟಿತು. ಅದರ ಬದಲು ವಿಳಾಸದ ಕೊನೆ ನೋಡಿ. ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಹೋಗಲು ಹೇಳಿತ್ತು. ನಿಮ್ಮ ಬ್ಯಾಂಕಿನ ಪುಟದ ವಿಳಾಸ ಹಾಗೆ ಮುಗಿಯುತ್ತದೆಯೇ ನೋಡಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದಕ್ಕೆ ಫೋನ್ ಮಾಡಬೇಡಿ, ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಅಚ್ಚಾಗಿರುವ ನಂಬರಿಗೇ ಮಾಡಿ. ಈ ಸಂದೇಶ ಒತ್ತಿ ಯಾವುದಾದರೂ ಒಟಿಪಿ, ಪಿನ್ ಕೊಟ್ಟಿದ್ದರೆ ಈ ಪುಟ ಓದಿ ಮುಗಿಸುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.